ಹದಿನಾಲ್ಕರ ಹೊಸ್ತಿಲಲ್ಲಿ

ಬೆಂಗಳೂರಿನ ಪೂರ್ವಕ್ಕೆ ವೈಟ್‌ಫೀಲ್ಡ್, ದಕ್ಷಿಣಕ್ಕೆ ಎಲೆಕ್ಟ್ರಾನಿಕ್ ಸಿಟಿ, ವಾಯವ್ಯಕ್ಕೆ ಪೀಣ್ಯ. ಈ ಮೂರು ಹೆಸರುಗಳನ್ನು ಕೇಳಿದೊಡನೆ ವಾಚಕರ ಕಣ್ಣೆದುರು ನಿಲ್ಲುವ ಚಿತ್ರ ಯಾವುದು? ಗಾಜಿನ ಗೋಡೆಯ ಗಗನಚುಂಬಿ ಸೌಧಗಳು, ಸಾಲುಗಟ್ಟಿ ನಿಂತ ಮೋಟಾರುಗಳು, ಪಾಳಿ ಮುಗಿಸಿ ಕಾರ್ಖಾನೆಯ ಬಾಗಿಲಿನಿಂದ ಹೊರಬೀಳುವ ಜನಸ್ತೋಮ, ತಲೆಯ ಮೇಲೆ ಹಾದುಹೋಗುವ ಮೆಟ್ರೋ ರೈಲು. ನಗರದ ಸಂಪತ್ತು ಹುಟ್ಟುವ ಸ್ಥಳಗಳಿವು. ಆದರೆ ಈ ಚಿತ್ರದಲ್ಲಿ ಸಾಮಾನ್ಯವಾಗಿ ಯಾರ ಕಣ್ಣಿಗೂ ಬೀಳದ ಕಟ್ಟಡವೊಂದಿದೆ. ಅದು ಅಲ್ಲಿನ ಸರ್ಕಾರಿ ಪ್ರೌಢಶಾಲೆ.

ಮುಖ್ಯರಸ್ತೆಯಿಂದ ಒಳಗೆ ಹೊಕ್ಕು, ಹಳೆಯ ಗ್ರಾಮದ ಗುಡಿಯನ್ನು ದಾಟಿ ಮುಂದೆ ಹೋದರೆ ಅದು ಸಿಗುತ್ತದೆ. ಸುತ್ತಲೂ ಕಲ್ಲಿನ ಆವರಣ, ನಡುವೆ ಧ್ವಜಸ್ತಂಭ, ನೆರಳಿಗೆ ಒಂದೆರಡು ಮರ, ಹೆಂಚು ಹೊದಿಸಿದ ಹಳೆಯ ಕೊಠಡಿಗಳ ಪಕ್ಕದಲ್ಲಿ ತಾರಸಿಯ ಹೊಸ ಕಟ್ಟಡ. ಬೆಳಗಿನ ಹೊತ್ತು ನಾಡಗೀತೆ ಕೇಳಿಬರುತ್ತದೆ. ಮಧ್ಯಾಹ್ನ ಸಾಂಬಾರಿನ ವಾಸನೆ ಹಬ್ಬುತ್ತದೆ. ಸಂಜೆಯಾದರೆ ಬಯಲಿನಲ್ಲಿ ಚೆಂಡಾಟದ ಗದ್ದಲ. ನೋಡುವವರಿಗೆ ಇದರಲ್ಲಿ ವಿಶೇಷವೇನೂ ತೋರದಿರಬಹುದು. ಆದರೆ ಆ ಬಡಾವಣೆಯ ಎಷ್ಟೋ ಮನೆಗಳ ಮುಂದಿನ ಇಪ್ಪತ್ತು ವರ್ಷಗಳ ಬಾಳು ಹೇಗಿರಬೇಕೆಂಬುದು ಇತ್ಯರ್ಥವಾಗುವುದು ಇದೇ ಆವರಣದೊಳಗೆ.

ಕಾರ್ಖಾನೆ ಬಂತು, ಶಾಲೆ ಬರಲಿಲ್ಲ

ಈ ಪ್ರದೇಶಗಳೆಲ್ಲ ನಿನ್ನೆ ಮೊನ್ನೆಯವರೆಗೂ ಹಳ್ಳಿಗಳೇ. 1882ರಲ್ಲಿ ಮೈಸೂರಿನ ಚಾಮರಾಜೇಂದ್ರ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಜನರ ಸಂಘಕ್ಕೆ 3,900 ಎಕರೆ ಭೂಮಿಯನ್ನು ವ್ಯವಸಾಯದ ವಸಾಹತಿಗಾಗಿ ದಯಪಾಲಿಸಿದರು. ಸಂಘದ ಮುಖಂಡರಾಗಿದ್ದ ಡಿ. ಎಸ್. ವೈಟ್ ಅವರ ಹೆಸರೇ ವೈಟ್‌ಫೀಲ್ಡ್ ಆಯಿತು. ನೂರು ವರ್ಷಗಳಿಗೂ ಮೀರಿ ಅದು ಹೆಂಚಿನ ಮನೆಗಳ, ತೋಟಗಳ ಸದ್ದಿಲ್ಲದ ಊರಾಗಿಯೇ ಉಳಿದಿತ್ತು. 1990ರ ದಶಕದ ಕೊನೆಯಲ್ಲಿ ತಂತ್ರಜ್ಞಾನದ ಉದ್ಯಾನ ತಲೆಯೆತ್ತಿದ ಮೇಲೆ ಅದರ ಸ್ವರೂಪವೇ ಬದಲಾಯಿತು. ಇತ್ತ ಹೊಸೂರು ರಸ್ತೆಯಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿತು. ಸಂಸ್ಥೆಯ ಮುಖ್ಯಸ್ಥರಾಗಿದ್ದ ಆರ್. ಕೆ. ಬಾಳಿಗರ ಕನಸು ಅದು. ಪೀಣ್ಯದ ಕೈಗಾರಿಕಾ ಪ್ರದೇಶ 1970ರ ದಶಕದಲ್ಲಿ ಬೆಳೆಯತೊಡಗಿ, ಲೇತ್ ಯಂತ್ರದ ಪುಟ್ಟ ಶೆಡ್ಡಿನಿಂದ ಹಿಡಿದು ಸಿದ್ಧ ಉಡುಪಿನ ಬೃಹತ್ ಕಾರ್ಖಾನೆಗಳವರೆಗೆ ಸಾವಿರಾರು ಘಟಕಗಳ ನೆಲೆಯಾಯಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಇದಕ್ಕೂ ಹಿಂದೆ ಬೆಂಗಳೂರಿಗೆ ಬಂದ ದೊಡ್ಡ ಕಾರ್ಖಾನೆಗಳು ತಮ್ಮೊಡನೆ ಊರನ್ನೂ ಕಟ್ಟಿಕೊಂಡು ಬಂದಿದ್ದವು. 1948ರಲ್ಲಿ ಆರಂಭವಾದ ದೂರವಾಣಿ ಕಾರ್ಖಾನೆ, 1953ರ ಎಚ್.ಎಂ.ಟಿ., 1954ರ ಭಾರತ್ ಎಲೆಕ್ಟ್ರಾನಿಕ್ಸ್ ಇವೆಲ್ಲ ಕೆಲಸಗಾರರಿಗೆ ಮನೆ, ಆಸ್ಪತ್ರೆ, ಆಟದ ಬಯಲುಗಳ ಜೊತೆಯಲ್ಲಿ ಶಾಲೆಯನ್ನೂ ಒದಗಿಸಿದವು. ಬೆಳಿಗ್ಗೆ ಸೈರನ್ ಕೂಗಿದಾಗ ತಂದೆ ಕಾರ್ಖಾನೆಗೂ, ಮಗ ಅದೇ ಕಾಲೊನಿಯ ಶಾಲೆಗೂ ಹೊರಡುತ್ತಿದ್ದರು. ಪೀಣ್ಯದ ಸಣ್ಣ ಶೆಡ್ಡಿನ ಒಡೆಯನಿಗೆ ಅಷ್ಟು ಶಕ್ತಿಯೆಲ್ಲಿ? ತಂತ್ರಜ್ಞಾನದ ಉದ್ಯಾನಗಳಲ್ಲಿ ದುಡಿಯುವ ಕಾವಲುಗಾರರು, ಕಸಗುಡಿಸುವವರು, ಕ್ಯಾಂಟೀನಿನ ನೌಕರರು ಬಹುಮಟ್ಟಿಗೆ ಗುತ್ತಿಗೆಯವರು. ಇಂದು ಒಂದು ಕಟ್ಟಡ, ನಾಳೆ ಇನ್ನೊಂದು. ಅವರಿಗೆ ಕಾಲೊನಿಯೂ ಇಲ್ಲ, ಕಾಲೊನಿಯ ಶಾಲೆಯೂ ಇಲ್ಲ. ಅವರ ಮಕ್ಕಳ ಹೊಣೆಯೆಲ್ಲ ಬಂದುಬಿದ್ದದ್ದು ಹತ್ತಿಪ್ಪತ್ತು ಹಳ್ಳಿಗಳ ರೈತರ ಮಕ್ಕಳಿಗಾಗಿ ಎಂದೋ ಕಟ್ಟಿದ್ದ ಸರ್ಕಾರಿ ಶಾಲೆಗಳ ಮೇಲೆ.

ಹಾಜರಿ ಪುಸ್ತಕದ ಭೂಗೋಳ

ಇಂತಹ ಶಾಲೆಯ ಹಾಜರಿ ಪುಸ್ತಕವೇ ಒಂದು ಭೂಪಟ. ಮೊದಲ ಕೆಲವು ಹೆಸರುಗಳು ಮೂಲ ಗ್ರಾಮದವು. ಜಮೀನು ಮಾರಿ ಬಾಡಿಗೆ ಮನೆ ಕಟ್ಟಿಸಿಕೊಂಡವರ ಮಕ್ಕಳು ಖಾಸಗಿ ಶಾಲೆಗೆ ಹೋದಮೇಲೆ ಆ ಹೆಸರುಗಳು ವಿರಳವಾಗಿವೆ. ಅವುಗಳ ಕೆಳಗೆ ಯಾದಗಿರಿ, ರಾಯಚೂರು, ಕಲಬುರಗಿ ಸೀಮೆಯಿಂದ ಮಳೆ ಕೈಕೊಟ್ಟಾಗ ಗಾರೆ ಕೆಲಸಕ್ಕೆಂದು ಬಂದವರ ಮಕ್ಕಳು. ಆಮೇಲೆ ಕೋಲಾರ, ತುಮಕೂರು, ಮಂಡ್ಯಗಳಿಂದ ಗಾರ್ಮೆಂಟ್ಸ್ ಕೆಲಸಕ್ಕೆ ಬಂದ ತಾಯಂದಿರ ಹೆಣ್ಣುಮಕ್ಕಳು. ಅನಂತಪುರ, ಕೃಷ್ಣಗಿರಿಗಳ ತೆಲುಗು, ತಮಿಳು ಹೆಸರುಗಳು. ಈಚಿನ ಪುಟಗಳಲ್ಲಿ ಬಿಹಾರ, ಬಂಗಾಳ, ಒಡಿಶಾ, ಅಸ್ಸಾಮ್, ನೇಪಾಳದವರೂ ಉಂಟು.

ಈ ಮಕ್ಕಳಲ್ಲಿ ಅನೇಕರು ಮನೆಯಲ್ಲಿ ಆಡುವ ಮಾತು ಒಂದು, ಬೀದಿಯಲ್ಲಿ ಕೇಳುವ ಮಾತು ಮತ್ತೊಂದು, ಪುಸ್ತಕದಲ್ಲಿ ಓದಬೇಕಾದದ್ದು ಮೂರನೆಯದು. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದ ಪ್ರಕಾರ ರಾಜ್ಯದ ಎಲ್ಲ ಶಾಲೆಗಳಲ್ಲೂ ಕನ್ನಡ ಮೊದಲನೆಯ ಅಥವಾ ಎರಡನೆಯ ಭಾಷೆಯಾಗಿ ಕಲಿಕೆಗೆ ಇರಬೇಕು. ಸಿರಿವಂತರ ಶಾಲೆಗಳಲ್ಲಿ ಈ ನಿಯಮದ ವಿಚಾರವಾಗಿ ವಾಗ್ವಾದಗಳು ನಡೆದಿರಬಹುದು. ಹೊರವಲಯದ ಸರ್ಕಾರಿ ಶಾಲೆಯಲ್ಲಿ ಅದಕ್ಕೆ ಅವಕಾಶವೇ ಇಲ್ಲ. ಅಲ್ಲಿ ಕನ್ನಡ ಒಂದು ಪಾಠದ ವಿಷಯವಷ್ಟೇ ಅಲ್ಲ, ಜೊತೆಯವರೊಡನೆ ಜಗಳವಾಡುವುದಕ್ಕೂ ರಾಜಿಯಾಗುವುದಕ್ಕೂ ಇರುವ ಏಕಮಾತ್ರ ಸಾಧನ. ಪಟನಾದ ಹುಡುಗ ಮೂರು ತಿಂಗಳಲ್ಲಿ ಸುರಪುರದ ಧಾಟಿಯ ಕನ್ನಡವನ್ನು ಕಲಿತು ಮೇಷ್ಟ್ರನ್ನು ನಗಿಸಿದರೆ ಆಶ್ಚರ್ಯವಿಲ್ಲ.

ಹೀಗೆ ಕಲಿತ ಅಕ್ಷರ ಮನೆಗೆ ಹೋಗುವ ಬಗೆಯೂ ಸ್ವಾರಸ್ಯಕರವಾದುದು. ಪಡಿತರ ಚೀಟಿಗೆ ಅರ್ಜಿ ತುಂಬುವವಳು ಎಂಟನೆಯ ತರಗತಿಯ ಮಗಳು. ಆಸ್ಪತ್ರೆಯ ಚೀಟಿಯನ್ನು ಓದಿ ಯಾವ ಗುಳಿಗೆ ಬೆಳಿಗ್ಗೆ, ಯಾವುದು ರಾತ್ರಿ ಎಂದು ಅಜ್ಜಿಗೆ ತಿಳಿಸುವವಳು ಅವಳೇ. ತಾಯಿಯ ಪಿ.ಎಫ್. ಲೆಕ್ಕದಲ್ಲಿ ಎಷ್ಟು ಹಣ ಜಮೆಯಾಗಿದೆಯೆಂದು ದೂರವಾಣಿಯಲ್ಲಿ ನೋಡಿ ಹೇಳುವವಳೂ ಅವಳೇ. 2016ರ ಏಪ್ರಿಲ್ 18 ಮತ್ತು 19ರಂದು ಪೀಣ್ಯದ ಸುತ್ತಲೂ ಹೊಸೂರು ರಸ್ತೆಯಲ್ಲೂ ಸಹಸ್ರಾರು ಗಾರ್ಮೆಂಟ್ಸ್ ಹೆಂಗಸರು ಬೀದಿಗಿಳಿದದ್ದು ಆ ಹಣಕ್ಕಾಗಿ. 58 ವಯಸ್ಸಾಗುವವರೆಗೆ ಮಾಲೀಕರ ಪಾಲಿನ ಹಣವನ್ನು ತೆಗೆಯುವಂತಿಲ್ಲವೆಂಬ ನಿಯಮವನ್ನು ಕೇಂದ್ರ ಸರ್ಕಾರ ಕೊನೆಗೆ ಹಿಂದಕ್ಕೆ ಪಡೆಯಬೇಕಾಯಿತು. ಆ ತಾಯಂದಿರ ಕಣ್ಣಿನಲ್ಲಿ ಅದು ಮುಪ್ಪಿನ ಕಾಲದ ಹಣವಲ್ಲ. ಮಗಳ ಕಾಲೇಜಿನ ಶುಲ್ಕ, ಮಗನ ಐ.ಟಿ.ಐ. ಪ್ರವೇಶದ ಖರ್ಚು.

ಹದಿನಾಲ್ಕು ಎಂಬ ಗೆರೆ

ಪ್ರಾಥಮಿಕ ಶಾಲೆಯ ಮಹತ್ವವನ್ನು ಎಲ್ಲರೂ ಒಪ್ಪುತ್ತಾರೆ. ಪ್ರೌಢಶಾಲೆಯ ಮಹತ್ವ ಅಷ್ಟು ಸುಲಭವಾಗಿ ತಿಳಿಯುವುದಿಲ್ಲ. ಅದನ್ನು ತಿಳಿಯಬೇಕಾದರೆ ಕಾನೂನಿನ ಪುಸ್ತಕದ ಎರಡು ಪುಟಗಳನ್ನು ತಿರುವಿಹಾಕಬೇಕು.

ಹದಿನಾಲ್ಕು ವರ್ಷದೊಳಗಿನ ಮಗುವನ್ನು ಕಾರ್ಖಾನೆಯಲ್ಲಾಗಲಿ ಗಣಿಯಲ್ಲಾಗಲಿ ದುಡಿಸಕೂಡದೆಂದು 1950ರಲ್ಲಿ ಜಾರಿಗೆ ಬಂದ ಸಂವಿಧಾನದ 24ನೆಯ ವಿಧಿ ಹೇಳಿತು. ಅದೇ ವಯಸ್ಸಿನವರೆಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣ ಕೊಡಲು ಪ್ರಯತ್ನಿಸಬೇಕೆಂದು 45ನೆಯ ವಿಧಿ ಸೂಚಿಸಿತು. ಆ ಸೂಚನೆ ಹಕ್ಕಾಗಿ ಪರಿಣಮಿಸಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. 2002ರ 86ನೆಯ ತಿದ್ದುಪಡಿ, 2009ರ ಶಿಕ್ಷಣ ಹಕ್ಕು ಕಾಯಿದೆ, 2010ರ ಏಪ್ರಿಲ್ 1ರಿಂದ ಅದರ ಜಾರಿ. ಕಾಯಿದೆಯ ರಕ್ಷಣೆ ಇರುವುದು 6ರಿಂದ 14 ವರ್ಷದ ಮಕ್ಕಳಿಗೆ, ಎಂದರೆ ಎಂಟನೆಯ ತರಗತಿಯವರೆಗೆ. ಇನ್ನು 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯಿದೆಯಾದರೋ ಹದಿನಾಲ್ಕರ ಕೆಳಗಿನವರ ದುಡಿಮೆಯನ್ನು, ಮನೆತನದ ಕಸುಬಿನಂತಹ ಕೆಲವು ವಿನಾಯಿತಿಗಳ ಹೊರತು, ನಿಷೇಧಿಸಿತು. ಹದಿನಾಲ್ಕರಿಂದ ಹದಿನೆಂಟರವರೆಗಿನವರಿಗೆ ಅಪಾಯಕರ ಕೆಲಸಗಳನ್ನು ಮಾತ್ರ ತಡೆಯಿತು.

ಈ ಎರಡನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಶಾಲೆಯ ಹಕ್ಕು ಮುಗಿಯುವುದೂ, ದುಡಿಮೆಯ ಬಾಗಿಲು ತೆರೆಯುವುದೂ ಒಂದೇ ಹುಟ್ಟುಹಬ್ಬದಂದು! ಕರ್ನಾಟಕದಲ್ಲಿ ಪ್ರೌಢಶಾಲೆ ಎಂಟು, ಒಂಬತ್ತು, ಹತ್ತು ಈ ಮೂರು ತರಗತಿಗಳದು. ಎಂದರೆ ಅದು ನಿಂತಿರುವುದು ಸರಿಯಾಗಿ ಆ ಗೆರೆಯ ಮೇಲೆಯೇ. ಎಂಟನೆಯ ತರಗತಿಗೆ ಸೇರಿದ ಮಗುವನ್ನು ಕಾನೂನು ಕಾಯುತ್ತದೆ. ಒಂಬತ್ತಕ್ಕೆ ಕಾಲಿಟ್ಟ ಮಗುವನ್ನು ಕಾಯುವವರು ಅದರ ತಾಯಿತಂದೆ ಮತ್ತು ಅದರ ಉಪಾಧ್ಯಾಯರು, ಇಷ್ಟೇ ಮಂದಿ.

ದೂರದ ಹಳ್ಳಿಯಲ್ಲಿ ಇದರ ಬಿಸಿ ಇಷ್ಟು ತಟ್ಟಲಾರದು. ಪೀಣ್ಯದಲ್ಲಿ ಹಾಗಲ್ಲ, ಅಲ್ಲಿ ಶಾಲೆಯ ಬಾಗಿಲಿನಿಂದ ಶೆಡ್ಡಿನ ಬಾಗಿಲಿಗೆ ನಾಲ್ಕು ಹೆಜ್ಜೆ. ಎಲೆಕ್ಟ್ರಾನಿಕ್ ಸಿಟಿಯ ಸುತ್ತ ಮನೆಗಳಿಗೆ ಸಾಮಾನು ತಲುಪಿಸುವ ಕೆಲಸವಿದೆ, ಹೋಟೆಲಿದೆ, ಗ್ಯಾರೇಜಿದೆ. ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟುಗಳಲ್ಲಿ ತಾಯಿ ಮಾಡುತ್ತಿರುವ ಮನೆಗೆಲಸಕ್ಕೆ ಮಗಳೂ ಕೈಗೂಡಿಸಿದರೆ ಇನ್ನೆರಡು ಮನೆಗಳನ್ನು ಒಪ್ಪಿಕೊಳ್ಳಬಹುದು. ಮನೆ ಬಾಡಿಗೆಯ ಬಾಕಿ ಬೆಳೆದಿರುವಾಗ, ತಂದೆ ಸಾರುವೆಯಿಂದ ಬಿದ್ದು ಮಲಗಿರುವಾಗ, ಹದಿನಾಲ್ಕು ವರ್ಷದ ಎರಡು ಕೈಗಳ ಬೆಲೆ ಬಹಳ. ಹೆಣ್ಣುಮಗುವಾದರೆ ಮದುವೆಯ ಮಾತೂ ಆ ವೇಳೆಗೇ ಹುಟ್ಟಿಕೊಳ್ಳುತ್ತದೆ. ‘ಊರಿನಲ್ಲಿ ಸೋದರಮಾವ ಕೇಳುತ್ತಿದ್ದಾನೆ’ ಎಂದು ಹೇಳಿ, ಟಿ.ಸಿ. ಬೇಕೆಂದು ತಾಯಿ ಬಂದು ನಿಂತರೆ, ಮುಖ್ಯೋಪಾಧ್ಯಾಯಿನಿ ಆ ಕಾಗದಕ್ಕೆ ಸಹಿ ಹಾಕುವ ಮುನ್ನ ಅರ್ಧ ಗಂಟೆ ಮಾತನಾಡಿಸುತ್ತಾರೆ. ‘ಅಮ್ಮಾ, ಇನ್ನೊಂದೇ ವರ್ಷ. ಹತ್ತನೆಯದೊಂದು ಮುಗಿಸಲಿ’ ಎಂಬ ಮಾತು ಯಾವ ಸುತ್ತೋಲೆಯಲ್ಲೂ ಬರೆದಿಲ್ಲ. ಆದರೆ ಎಷ್ಟೋ ಬಾಳುಗಳು ಆ ಒಂದು ಮಾತಿನ ಮೇಲೆ ನಿಂತಿವೆ.

ಅನ್ನವೂ ಅಕ್ಷರವೂ

ಮಾತಿನ ಜೊತೆಗೆ ಕೆಲವು ಗಟ್ಟಿ ಆಧಾರಗಳೂ ಉಂಟೆಂಬುದು ಸಮಾಧಾನದ ವಿಷಯ. 2000ದಲ್ಲಿ ಬೆಂಗಳೂರಿನ ಐದು ಸರ್ಕಾರಿ ಶಾಲೆಗಳ 1,500 ಮಕ್ಕಳಿಗೆ ಅಕ್ಷಯಪಾತ್ರ ಸಂಸ್ಥೆ ಊಟ ಬಡಿಸಲು ಆರಂಭಿಸಿತು. 2001ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಆಜ್ಞಾಪಿಸಿತು. ಕರ್ನಾಟಕದ ಅಕ್ಷರ ದಾಸೋಹ ಹಂತಹಂತವಾಗಿ ಬೆಳೆದು ಪ್ರೌಢಶಾಲೆಗಳನ್ನೂ ತಲುಪಿತು. ಕೇಂದ್ರದ ಯೋಜನೆ ನಿಲ್ಲುವುದು ಎಂಟನೆಯ ತರಗತಿಗೆ. ಒಂಬತ್ತು, ಹತ್ತನೆಯ ತರಗತಿಗಳ ಊಟ ರಾಜ್ಯದ ಸ್ವಂತ ಖರ್ಚಿನದು. ಹದಿನಾಲ್ಕರ ಗೆರೆಯನ್ನು ಅನ್ನದ ತಟ್ಟೆಯೊಂದು ದಾಟಿದ ಪ್ರಸಂಗವಿದು. ಇದನ್ನು ಸಾಮಾನ್ಯ ಸಂಗತಿಯೆಂದು ತಳ್ಳಿಹಾಕುವಂತಿಲ್ಲ. 2013ರ ಆಗಸ್ಟ್ ತಿಂಗಳಿನಿಂದ ಕ್ಷೀರಭಾಗ್ಯದ ಹಾಲು ಸೇರಿಕೊಂಡಿತು. ಆಮೇಲೆ ಮೊಟ್ಟೆ, ಒಲ್ಲದವರಿಗೆ ಬಾಳೆಹಣ್ಣು ಬಂದವು. 2024ರಲ್ಲಿ ಅಜೀಂ ಪ್ರೇಂಜಿ ಪ್ರತಿಷ್ಠಾನದ ನೆರವಿನಿಂದ ಅದು ವಾರಕ್ಕೆ ಆರು ದಿನವಾಯಿತು.

ಬೆಳಗಿನ ಆರು ಗಂಟೆಗೆ ಮನೆ ಬಿಡುವ ತಾಯಿಗೆ ಇದರ ಬೆಲೆ ಚೆನ್ನಾಗಿ ಗೊತ್ತು. ಮಗು ಮಧ್ಯಾಹ್ನ ಉಪವಾಸವಿರುವುದಿಲ್ಲವೆಂಬ ಒಂದು ಧೈರ್ಯದಿಂದಲೇ ಆಕೆ ಹೊಲಿಗೆ ಯಂತ್ರದ ಮುಂದೆ ತಲೆ ತಗ್ಗಿಸಿ ಕುಳಿತಿರುತ್ತಾಳೆ.

ಸೈಕಲ್ಲಿನ ಕಥೆಯೂ ಹೀಗೆಯೇ. 2006ರಲ್ಲಿ ಆರಂಭವಾದ ಯೋಜನೆಯಂತೆ ಎಂಟನೆಯ ತರಗತಿಯ ಹೆಣ್ಣುಮಕ್ಕಳಿಗೆ, ಮುಂದೆ ಗಂಡುಮಕ್ಕಳಿಗೂ, ಅನೇಕ ವರ್ಷ ಸರ್ಕಾರ ಸೈಕಲ್ ಕೊಟ್ಟಿತು. ಪ್ರಾಥಮಿಕ ಶಾಲೆ ಬೀದಿಯ ತುದಿಯಲ್ಲಿರುತ್ತದೆ. ಪ್ರೌಢಶಾಲೆ ಎರಡು ಮೂರು ಮೈಲಿ ದೂರ. ಲಾರಿಗಳ ನಡುವೆ ನಡೆದು ಹೋಗಬೇಕಾದ ದಾರಿಯೆಂಬ ಒಂದೇ ಕಾರಣದಿಂದ ಮಗಳನ್ನು ಏಳನೆಯದಕ್ಕೇ ಬಿಡಿಸಿದ ಮನೆಗಳಿದ್ದವು. ಎರಡು ಗಾಲಿಗಳು ಆ ದೂರವನ್ನು ಕುಗ್ಗಿಸಿದವು.

ಆರು ಪತ್ರಿಕೆಗಳ ಸೇತುವೆ

ಮೂರು ವರ್ಷದ ಈ ಪಯಣ ಮುಟ್ಟಬೇಕಾದ ದಡ ಎಸ್.ಎಸ್.ಎಲ್.ಸಿ. ಆರು ಪತ್ರಿಕೆಗಳು, ಪ್ರಥಮ ಭಾಷೆಗೆ 125, ಉಳಿದವಕ್ಕೆ ತಲಾ 100, ಒಟ್ಟು 625 ಅಂಕಗಳು. ಮಧ್ಯಮವರ್ಗದ ಮನೆಯಲ್ಲಿ ಮಗ 600 ದಾಟಲಿಲ್ಲವೆಂದು ದುಃಖವಾದರೆ, ಈ ಮನೆಗಳಲ್ಲಿ ಮಗಳು ಪಾಸಾದಳೆಂದು ಬೀದಿಗೆಲ್ಲ ಮಿಠಾಯಿ ಹಂಚುತ್ತಾರೆ. ಆಕೆ ಎಷ್ಟೋ ವೇಳೆ ಆ ವಂಶದಲ್ಲಿ ಹತ್ತನೆಯ ತರಗತಿ ದಾಟಿದ ಮೊದಲನೆಯ ವ್ಯಕ್ತಿ.

ಆ ಸೇತುವೆ ಎಷ್ಟು ಸೂಕ್ಷ್ಮವಾದುದೆಂಬುದು ಈಚಿನ ವರ್ಷಗಳಲ್ಲಿ ಕಂಡುಬಂದಿದೆ. 2023ರಲ್ಲಿ ರಾಜ್ಯದ ಫಲಿತಾಂಶ ನೂರಕ್ಕೆ 83.89 ಇತ್ತು. ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಕಾವಲು ಬಂದ 2024ರಲ್ಲಿ ಅದು 73.40ಕ್ಕೆ ಇಳಿಯಿತು; 2025ರ ಮೊದಲನೆಯ ಪರೀಕ್ಷೆಯಲ್ಲಿ 66.14. ಇಳಿದದ್ದು ಮಕ್ಕಳ ಬುದ್ಧಿಯೇ? ಅಥವಾ ಮುಚ್ಚಿಟ್ಟಿದ್ದ ಕೊರತೆಗೆ ಬೆಳಕು ತಗುಲಿತೇ? ಎರಡನೆಯದೇ ನಿಜವಿರಬೇಕು. ವರ್ಷದ ನಡುವೆ ಊರು ಬದಲಿಸುವ ಮಗು, ಮೂರು ಶಾಲೆಗಳಲ್ಲಿ ಮೂರು ಬಾರಿ ಅದೇ ಪಾಠದ ಮೊದಲ ಅಧ್ಯಾಯವನ್ನೇ ಕೇಳಿದ ಮಗು, ಗಣಿತದಲ್ಲಿ ಎಡವಿದರೆ ತಪ್ಪು ಯಾರದು? ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶ ಈಗ ಇರುವುದು ಒಳ್ಳೆಯದೇ. ಆದರೆ ಮೊದಲನೆಯದರಲ್ಲಿ ಬಿದ್ದ ಹುಡುಗ ಎರಡನೆಯದಕ್ಕೆ ಕುಳಿತುಕೊಳ್ಳುವವರೆಗೆ ಅವನನ್ನು ಶೆಡ್ಡಿಗೆ ಹೋಗದಂತೆ ತಡೆದು, ಬೇಸಿಗೆಯಲ್ಲಿ ಕೂರಿಸಿ ಪಾಠ ಹೇಳುವ ಉಪಾಧ್ಯಾಯರಿದ್ದರೆ ಮಾತ್ರ ಆ ಅವಕಾಶಕ್ಕೆ ಅರ್ಥ.

ಕೊರೋನಾ ಕಾಲದಲ್ಲಿ ಈ ಮಾತಿಗೆ ಪ್ರಮಾಣ ಸಿಕ್ಕಿತು. 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದವು. ದೊಡ್ಡವರ ಮಕ್ಕಳು ಕಂಪ್ಯೂಟರಿನ ಮುಂದೆ ಕುಳಿತು ಪಾಠ ಕೇಳಿದರು. ಒಂದೇ ಕೋಣೆಯ ಮನೆಯಲ್ಲಿ ಒಂದೇ ದೂರವಾಣಿ ಇದ್ದವರು, ಅದೂ ತಂದೆಯೊಡನೆ ಕೆಲಸಕ್ಕೆ ಹೋಗುವುದಾದರೆ, ಏನು ಮಾಡಬೇಕು? ಆಗಸ್ಟಿನಲ್ಲಿ ‘ವಿದ್ಯಾಗಮ’ ಎಂಬ ಹೆಸರಿನಲ್ಲಿ ಉಪಾಧ್ಯಾಯರೇ ಮಕ್ಕಳಿದ್ದಲ್ಲಿಗೆ ಹೊರಟರು. ಗುಡಿಯ ಜಗುಲಿ, ಅರಳಿಕಟ್ಟೆ, ಸಮುದಾಯ ಭವನಗಳು ತರಗತಿಗಳಾದವು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತಿತು. ಇದರ ನಡುವೆಯೇ, ಜೂನ್ 25ರಿಂದ ಜುಲೈ 4ರವರೆಗೆ, ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ನೋಂದಾಯಿಸಿದ್ದ ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನು ಮುಖಗವುಸು ತೊಡಿಸಿ ನಡೆಸಲಾಯಿತು. ಮರುವರ್ಷ ಜುಲೈ 19 ಮತ್ತು 22ರ ಎರಡೇ ದಿನಗಳಲ್ಲಿ ಪರೀಕ್ಷೆ ಮುಗಿಯಿತು. ಸಂಬಳ ಕಡಿತವಾಗಿ ಖಾಸಗಿ ಶಾಲೆಯ ಶುಲ್ಕ ಕಟ್ಟಲಾರದ ಎಷ್ಟೋ ಮನೆಗಳ ಮಕ್ಕಳು ಆ ದಿನಗಳಲ್ಲಿ ಸರ್ಕಾರಿ ಶಾಲೆಯ ಬಾಗಿಲಿಗೆ ಬಂದರು. ಎಂದೂ ಬೇಕಾಗುವುದಿಲ್ಲವೆಂದು ಅವರು ಭಾವಿಸಿದ್ದ ಬಾಗಿಲು ತೆರೆದೇ ಇತ್ತು.

ಊರಿನ ಅಂಗಳ

ಶಾಲೆಯ ಕೆಲಸ ನಾಲ್ಕೂವರೆಯ ಗಂಟೆಗೆ ಮುಗಿಯುವುದಿಲ್ಲ. ಚುನಾವಣೆಯಲ್ಲಿ ಅದೇ ಮತಗಟ್ಟೆ. ಲಸಿಕೆ ಹಾಕುವಾಗ ಅದೇ ಆಸ್ಪತ್ರೆ. ಕೆರೆಗಳ ಮೇಲೆ ಬಡಾವಣೆ ಎದ್ದಿರುವ ಕಡೆ, ಮಳೆಯ ನೀರು ಶೆಡ್ಡುಗಳಿಗೆ ನುಗ್ಗಿದಾಗ, ಒಣನೆಲ ದೊರೆಯುವುದು ಶಾಲೆಯ ಜಗುಲಿಯಲ್ಲಿಯೇ. ರಾಜ್ಯೋತ್ಸವದ ದಿನ ಅಕ್ಕಪಕ್ಕದ ಗೇಟುಗಳ ಒಳಗೆ ಬೇರೆಬೇರೆಯಾಗಿ ಬದುಕುವವರು ಒಂದೇ ಧ್ವಜದ ಕೆಳಗೆ ನಿಲ್ಲಬಹುದಾದ ಬಯಲೂ ಅದೇ.

ಆ ಬಯಲಿಗೇ ಇಂದು ಕಂಟಕ. ಹಿಂದೆ ಅನೇಕ ಶಾಲೆಗಳಿಗೆ ಊರಿನ ಹಿರಿಯರು ಜಾಗವನ್ನು ಬಾಯಿಮಾತಿನಲ್ಲಿಯೇ ದಾನವಾಗಿ ಕೊಟ್ಟಿದ್ದರು. ರಾಗಿ ಬೆಳೆಯುತ್ತಿದ್ದ ಕಾಲದಲ್ಲಿ ಕಾಗದ ಪತ್ರದ ಚಿಂತೆ ಯಾರಿಗಿತ್ತು? ಈಗ ಅಲ್ಲಿ ಚದರಡಿಯ ಲೆಕ್ಕದಲ್ಲಿ ಬೆಲೆ ಕಟ್ಟುತ್ತಾರೆ. ದಾನಿಯ ಮೊಮ್ಮಕ್ಕಳಿಗೆ ಅಜ್ಜನ ಮಾತು ನೆನಪಿರುವುದಿಲ್ಲ. 2007ರಲ್ಲಿ ಏಳು ನಗರಸಭೆಗಳೂ ಒಂದು ಪುರಸಭೆಯೂ 110 ಹಳ್ಳಿಗಳೂ ಬೃಹತ್ ಬೆಂಗಳೂರು ಪಾಲಿಕೆಗೆ ಸೇರಿದವು. 2025ರಲ್ಲಿ ಆ ಪಾಲಿಕೆಯೂ ಹೋಗಿ ಐದು ನಗರ ಪಾಲಿಕೆಗಳಾದವು. ಇಷ್ಟು ಬದಲಾವಣೆಗಳ ನಡುವೆ ಶಾಲೆಯ ಹೆಸರಿಗೆ ಖಾತೆಯೊಂದು ಆಗಿದೆಯೇ ಎಂದು ವಿಚಾರಿಸುವವರು ಬೇಕು.

ವಿಚಾರಿಸಲು ಅಧಿಕಾರವಿರುವವರು ಇದ್ದಾರೆ. 2001ರಲ್ಲಿ ಸರ್ಕಾರದ ಆಜ್ಞೆಯಿಂದ ಸ್ಥಾಪಿತವಾದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಲ್ಲಿ ಮಕ್ಕಳ ತಾಯಿತಂದೆಯರೇ ಸದಸ್ಯರು. ಆದರೆ ದಿನಗೂಲಿಯ ತಂದೆಗೆ ಸಭೆಗೆ ಬರುವುದೆಂದರೆ ಒಂದು ದಿನದ ಸಂಬಳ ಕಳೆದುಕೊಂಡಂತೆ. ಇತ್ತ 2013ರ ಕಂಪೆನಿ ಕಾಯಿದೆಯ ಮೇರೆಗೆ ದೊಡ್ಡ ಉದ್ಯಮಗಳು ತಮ್ಮ ಸರಾಸರಿ ಲಾಭದ ನೂರಕ್ಕೆ ಎರಡು ಪಾಲನ್ನು ಸಮಾಜಕಾರ್ಯಕ್ಕೆ ವ್ಯಯಿಸಬೇಕು. ಅದರಿಂದ ಸುತ್ತಲಿನ ಶಾಲೆಗಳಿಗೆ ಬೆಂಚು, ಶೌಚಾಲಯ, ಕಂಪ್ಯೂಟರು ಬಂದಿವೆ. ಗೋಡೆಗೆ ಬಣ್ಣವೂ ಬಂದಿದೆ. ಕೃತಜ್ಞತೆಯಿಂದ ನೆನೆಯಬೇಕಾದ ಕೆಲಸವೇ. ಆದರೆ ದಾನ ಬಂದ ಕಂಪ್ಯೂಟರನ್ನು ನಡೆಸಲು ಖಾಯಂ ಉಪಾಧ್ಯಾಯರಿಲ್ಲದೆ, ವರ್ಷಕ್ಕೊಬ್ಬ ಅತಿಥಿ ಶಿಕ್ಷಕರು ಬಂದುಹೋಗುತ್ತಿದ್ದರೆ ಬಣ್ಣದ ಗೋಡೆ ಪಾಠ ಹೇಳಲಾರದು.

ಮಾಡಬೇಕಾದದ್ದೇನು? 2020ರ ರಾಷ್ಟ್ರೀಯ ಶಿಕ್ಷಣ ನೀತಿ 18 ವರ್ಷದವರೆಗಿನ ಎಲ್ಲರಿಗೂ ಶಾಲಾ ಶಿಕ್ಷಣವೆಂಬ ಗುರಿಯನ್ನು ಬರೆದಿಟ್ಟಿದೆ. ಅದು ಹಕ್ಕಾಗುವವರೆಗೆ ಹದಿನಾಲ್ಕರ ಗೆರೆ ಅಳಿಯುವುದಿಲ್ಲ. ಅಲ್ಲಿಯವರೆಗೆ ಕಾಯಬೇಕಾದ ಅಗತ್ಯವೂ ಇಲ್ಲ. ಪ್ರತಿಯೊಂದು ಪಾಠಕ್ಕೂ ಒಬ್ಬ ಖಾಯಂ ಉಪಾಧ್ಯಾಯ, ವರ್ಷದ ನಡುವೆ ಬಂದ ಮಗುವಿಗೆ ಕಾಗದ ಪತ್ರ ಕೇಳುವ ಮೊದಲು ಬೆಂಚಿನಲ್ಲಿ ಜಾಗ, ಕೂಲಿ ತಪ್ಪದಂತೆ ಭಾನುವಾರ ಕರೆದ ಪೋಷಕರ ಸಭೆ. ಇವಕ್ಕೆ ಹೊಸ ಕಾಯಿದೆ ಬೇಡ.

ಇನ್ನು ನಗರದ ಗೃಹಸ್ಥರ ಪಾಲು. ದಿನವೂ ಬಾಗಿಲು ತೆರೆಯುವ ಕಾವಲುಗಾರನಿಗೆ, ಪಾತ್ರೆ ತೊಳೆಯುವ ಹೆಂಗಸಿಗೆ, ಆಟೋ ಓಡಿಸುವವನಿಗೆ ಮಕ್ಕಳಿದ್ದಾರೆ. ಆ ಮಗು ಎಷ್ಟನೆಯ ತರಗತಿಯೆಂದು ಒಮ್ಮೆ ಕೇಳುವುದರಲ್ಲಿ ಖರ್ಚೇನೂ ಇಲ್ಲ. ‘ಎಂಟು ಮುಗಿಯಿತು, ಅಮ್ಮಾ, ಇನ್ನು ಸಾಕು ಅಂತಿದ್ದೀವಿ’ ಎಂಬ ಉತ್ತರ ಬಂದರೆ, ಮಾತು ಮುಂದುವರಿಸಬೇಕಾದ ಹೊತ್ತು ಅದೇ.